ದೀಪಕ್ಕೆ ಒಂದು ಉಲ್ಟಾ ಸುತ್ತು

ಬೆಳಿಗ್ಗೆ ಕಟಪಾಡಿ ಪೇಟೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರುವ ಹೆಂಗಸನ್ನು ಸಂಜೆ ಹೊತ್ತು ಮಕ್ಕಳು ಟೀಚರ್ ಎಂದು ಕರೆಯುವುದೆಂದರೆ ಸಣ್ಣ ಮಾತಲ್ಲ. ನಳಿನಾಕ್ಷಿಗೆ ಅದು ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದದ್ದನ್ನು ಸೆರಗಿನಲ್ಲಿ ಮುಚ್ಚಿಡುವ ಸ್ವಭಾವವೂ ಅವಳದ್ದಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ಆದರೆ ಕಾಪು ಕಡಲ ಬದಿಯ ವಿಠೋಬ ಭಜನಾ ಮಂದಿರದಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಕುಣಿತ ಭಜನೆ ಕಲಿಸಲು ಶುರುಮಾಡಿ ಆಗಲೇ ಒಂಬತ್ತು ವರ್ಷ ಕಳೆದಿತ್ತು. ಅವಳ ಕೈಯಲ್ಲಿ ಕಲಿತ ಹುಡುಗರು ಈಗ ಮಲ್ಪೆಯ ಬೋಟುಗಳಲ್ಲಿದ್ದಾರೆ, ಹುಡುಗಿಯರು ಮಣಿಪಾಲದ ಕಾಲೇಜುಗಳಲ್ಲಿದ್ದಾರೆ. ಎಲ್ಲಿ ಸಿಕ್ಕಿದರೂ ದೂರದಿಂದಲೇ ಟೀಚರ್ ಎಂದು ಕೂಗುತ್ತಾರೆ. ಮೀನು ಕೊಳ್ಳಲು ನಿಂತ ಗಿರಾಕಿಗಳು ಯಾವ ಶಾಲೆ ಎಂದು ಕೇಳಿದರೆ ಅವಳು ಬುಟ್ಟಿಯಿಂದ ತಲೆ ಎತ್ತದೆ, “ದೇವರದ್ದು” ಎನ್ನುತ್ತಿದ್ದಳು.

ಕುಣಿತ ಭಜನೆ ಎಂದರೆ ನಡುವೆ ಕಾಲುದೀಪ ಹಚ್ಚಿಟ್ಟು, ಕೈಯಲ್ಲಿ ತಾಳ ಹಿಡಿದು, ಹಾಡುತ್ತ ಹೆಜ್ಜೆ ಹಾಕುತ್ತ ದೀಪಕ್ಕೆ ಸುತ್ತು ಬರುವುದು. ಕೂತು ನೋಡುವವರಿಗೆ ಬಹಳ ಸುಲಭ. ಹನ್ನೆರಡು ಮಕ್ಕಳ ಕಾಲು ಒಟ್ಟಿಗೆ ಬೀಳಬೇಕು, ಹನ್ನೆರಡು ಜೋಡಿ ತಾಳ ಒಂದೇ ತಾಳದ ಹಾಗೆ ಕೇಳಬೇಕು ಎಂದು ಹೊರಟರೆ ಮಾತ್ರ ಅದರ ಬೇನೆ ಗೊತ್ತಾಗುತ್ತದೆ. ನಳಿನಾಕ್ಷಿ ಆ ಬೇನೆಯನ್ನು ಖುಷಿಯಿಂದ ತಿಂದವಳು. ಅದರ ಮೇಲೆ ಇನ್ನೊಂದು ಹಟವೂ ಅವಳಿಗಿತ್ತು. ಬರೀ ಕುಣಿದರೆ ಅದು ಡ್ಯಾನ್ಸ್ ಆಗುತ್ತದೆ, ಭಜನೆ ಆಗುವುದಿಲ್ಲ ಎಂದು, ಪ್ರತಿ ಶನಿವಾರ ಅಭ್ಯಾಸಕ್ಕೆ ಮೊದಲು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಹತ್ತು ನಿಮಿಷ ದೇವರ ಮಾತು ಹೇಳುತ್ತಿದ್ದಳು. ಮನೆಯಲ್ಲಿ ಎಲ್ಲರದ್ದೂ ತುಳು. ಹಾಡುಗಳೆಲ್ಲ ಕನ್ನಡದಲ್ಲಿರುವುದರಿಂದ ಪಾಠವೂ ಕನ್ನಡದಲ್ಲೇ ನಡೆಯಬೇಕು ಎಂಬುದು ಅವಳ ಕಾನೂನು.

“ದೇವರ ಪ್ರೀತಿಗೆ ಶರತ್ತು ಇಲ್ಲ ಮಕ್ಕಳೇ,” ಎಂದಳು ಒಂದು ಶನಿವಾರ. “ನೀವು ಹೋಮ್‌ವರ್ಕ್ ಮಾಡಿದ್ದೀರಾ, ಸ್ನಾನ ಮಾಡಿದ್ದೀರಾ ಅಂತ ನೋಡಿ ಅವನು ಪ್ರೀತಿ ಮಾಡುವುದಲ್ಲ. ನೀವು ಎಂತ ಮಾಡಿದರೂ ಅವನಿಗೆ ನೀವು ಬೇಕು.”

“ಹಾಗಾದ್ರೆ ಸ್ನಾನ ಮಾಡದೆ ಬರಬಹುದಾ ಟೀಚರ್?” ಎಂದು ಕೇಳಿದ ಲಕ್ಷಿತ್. ಐದನೆಯ ಕ್ಲಾಸಿನ ಹುಡುಗ, ಎರಡನೆಯ ಸಾಲಿನಲ್ಲಿ ಕೂತು ಮೊದಲನೆಯ ಸಾಲಿನವರಿಗಿಂತ ಹೆಚ್ಚು ಮಾತಾಡುವವನು.

“ದೇವರಿಗೆ ಅಡ್ಡಿ ಇಲ್ಲ ಮಾರಾಯ. ನಿನ್ನ ಪಕ್ಕದಲ್ಲಿ ನಿಲ್ಲುವವರಿಗೆ ಅಡ್ಡಿ ಉಂಟು.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಪಾಠ ಚೆನ್ನಾಗಿ ಆಯಿತು ಎಂದು ನಳಿನಾಕ್ಷಿ ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಇಂಥ ಮಾತು ಹೇಳುವುದಕ್ಕೆ ಯಾವ ಕಷ್ಟವೂ ಇಲ್ಲ, ನಾಲಗೆಗೆ ಖರ್ಚೂ ಇಲ್ಲ.

ಈ ವರ್ಷದ ತಂಡದ ಮೇಲೆ ಅವಳಿಗೆ ಬೆಟ್ಟದಷ್ಟು ಭರವಸೆ. ಸೆಪ್ಟೆಂಬರಿನಲ್ಲಿ ಹಿರಿಯಡ್ಕದಲ್ಲಿ ಸ್ಪರ್ಧೆ, ನವೆಂಬರಿನಲ್ಲಿ ಕಾರ್ಕಳದಲ್ಲಿ ದೊಡ್ಡ ಸ್ಪರ್ಧೆ. ಕಾರ್ಕಳದ ಬಹುಮಾನ ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಅವಳ ಮಂದಿರಕ್ಕೆ ಬಂದದ್ದಿಲ್ಲ. ತಂಡದಲ್ಲಿ ಎಲ್ಲರಿಗಿಂತ ಚೆಂದ ಹೆಜ್ಜೆ ಹಾಕುವವಳು ವಿಜೇತಾ. ಹನ್ನೆರಡು ವರ್ಷ, ತೆಳ್ಳಗಿನ ಹುಡುಗಿ, ಹಾಡು ಶುರುವಾದರೆ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಎಂದು ಸಂಶಯ ಬರಬೇಕು. ಆದರೆ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುವ, ಉಳಿದವರು ಯಾರ ಕಾಲು ನೋಡಿ ಹೆಜ್ಜೆ ಇಡುತ್ತಾರೋ ಆ ಮುಂದಿನ ಜಾಗವನ್ನು ನಳಿನಾಕ್ಷಿ ಕೊಟ್ಟದ್ದು ಧೃತಿಗೆ. ಧೃತಿ ಅವಳ ಮಗನ ಮಗಳು, ಹನ್ನೊಂದು ವರ್ಷ. ಹುಡುಗಿ ಕೆಟ್ಟದಾಗಿ ಕುಣಿಯುತ್ತಿರಲಿಲ್ಲ, ಅಷ್ಟನ್ನು ಹೇಳಬಹುದು. ಧ್ವನಿ ಒಳ್ಳೆಯದುಂಟು, ಮುಂದೆ ನಿಂತರೆ ಹಾಡು ಕೇಳುತ್ತದೆ ಎಂದು ನಳಿನಾಕ್ಷಿ ಎಲ್ಲರಿಗೂ ಕಾರಣ ಹೇಳಿದ್ದಳು. ಆ ಕಾರಣವನ್ನು ಅವಳೇ ಮೊದಲು ನಂಬಿದ್ದಳು.

ಹಿರಿಯಡ್ಕದಲ್ಲಿ ಇವರ ತಂಡದ ಸರದಿ ಬರುವ ಹೊತ್ತಿಗೆ ಧೃತಿಯ ತಾಳ ಕಾಣೆಯಾಯಿತು. ಅವಳ ಚೀಲ ಕೊಡವಿದರು, ಕುರ್ಚಿಗಳ ಅಡಿ ನೋಡಿದರು, ಟೆಂಪೋದ ತನಕ ಓಡಿದರು. ಮೈಕಿನಲ್ಲಿ ತಂಡದ ಹೆಸರು ಮೂರನೆಯ ಸಲ ಕರೆದಾಗ ಬೇರೆ ದಾರಿ ಇರಲಿಲ್ಲ. ಮುಂದಿನ ಜಾಗದಲ್ಲಿ ನಡೆಯಬೇಕಾದ ಹುಡುಗಿ ಬರಿಗೈಯಲ್ಲಿ ಚಪ್ಪಾಳೆ ತಟ್ಟುತ್ತ ನಡೆದಳು. ಎರಡನೆಯ ಚರಣಕ್ಕೆ ಅವಳ ಕಣ್ಣಲ್ಲಿ ನೀರು ಬಂತು, ಹಾಡೂ ನಿಂತಿತು. ಹದಿನಾಲ್ಕು ತಂಡಗಳಲ್ಲಿ ಇವರದ್ದು ಹದಿಮೂರನೆಯದು. ಹದಿನಾಲ್ಕನೆಯ ತಂಡ ಬಂದೇ ಇರಲಿಲ್ಲ.

ತಿರುಗಿ ಬರುವಾಗ ಟೆಂಪೋ ಉಡುಪಿ ದಾಟಿತು, ಉದ್ಯಾವರದ ಸೇತುವೆ ದಾಟಿತು. ಕಟಪಾಡಿ ಜಂಕ್ಷನ್ನಿನಲ್ಲಿ ರಿಕ್ಷಾವೊಂದು ಅಡ್ಡ ಬಂದು ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ. ಮೇಲಿಟ್ಟಿದ್ದ ಚೀಲಗಳಲ್ಲಿ ಒಂದು ನಡುದಾರಿಗೆ ಬಿತ್ತು, ಬಿದ್ದ ಚೀಲದೊಳಗಿಂದ ತಾಳದ ಶಬ್ದ ಎರಡು ಬಗೆಯಲ್ಲಿ ಕೇಳಿತು, ಒಂದು ಗಟ್ಟಿ, ಇನ್ನೊಂದು ಬಟ್ಟೆಯೊಳಗಿಂದ. ಒಂದು ಜೋಡಿ ತಾಳ ಹಾಗೆ ಕೇಳುವುದಿಲ್ಲ. ಅದು ವಿಜೇತಾಳ ಚೀಲ. ಅದರಲ್ಲಿ ಅವಳ ತಾಳವೂ ಇತ್ತು, ಟವೆಲಿನಲ್ಲಿ ಸುತ್ತಿಟ್ಟ ಧೃತಿಯ ತಾಳವೂ ಇತ್ತು.

ಹುಡುಗಿ ಅಳಲಿಲ್ಲ, ಇಲ್ಲವೆನ್ನಲೂ ಇಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದ ಅವಳ ತಾಯಿ ಕುಶಲಾ ತಲೆ ಬಗ್ಗಿಸಿದಳು. ನಳಿನಾಕ್ಷಿಗೆ ಸಿಟ್ಟು ನೆತ್ತಿಗೇರಿತ್ತು. ಮೊಮ್ಮಗಳ ಬರಿಗೈ ಕಣ್ಣ ಮುಂದಿತ್ತು.

“ನಿನ್ನಂಥವಳಿಗೆ ದೇವರ ಎದುರು ನಿಲ್ಲುವ ಯೋಗ್ಯತೆ ಇಲ್ಲ,” ಎಂದಳು, ಟೆಂಪೋದಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ. “ನಾಳೆಯಿಂದ ಮಂದಿರದ ಮೆಟ್ಟಿಲು ಹತ್ತಬೇಡ.”

ಆ ಶನಿವಾರ ಚಾಪೆಯ ಮೇಲೆ ಹನ್ನೊಂದೇ ಮಕ್ಕಳು. ವಿಜೇತಾಳ ಬದಲಿಗೆ ಉದ್ಯಾವರದಿಂದ ಮಾನಸ ಎಂಬ ಹುಡುಗಿಯನ್ನು ಕರೆಸುವುದೆಂದು ನಳಿನಾಕ್ಷಿ ಆಗಲೇ ನಿಶ್ಚಯ ಮಾಡಿ ಆಗಿತ್ತು. ಏನೂ ಆಗಿಲ್ಲವೆಂಬ ಹಾಗೆ ದೇವರ ಮಾತು ಶುರುಮಾಡಿದಳು. ಎರಡು ವಾಕ್ಯ ಆಗುವುದರೊಳಗೆ ಲಕ್ಷಿತ್ ಕೈ ಎತ್ತಿದ.

“ಟೀಚರ್, ದೇವರು ಶರತ್ತಿಲ್ಲದೆ ಪ್ರೀತಿ ಮಾಡುವುದು ಅಂತ ಹೇಳಿದ್ರಿ. ವಿಜೇತಕ್ಕನನ್ನೂ ಮಾಡ್ತಾನಾ?”

“ಮಾಡ್ತಾನೆ.”

“ಹಾಗಾದ್ರೆ ಅವಳು ಯಾಕೆ ಬರಬಾರದು?”

“ಅದು ಬೇರೆ ವಿಷಯ.”

“ಹೇಗೆ ಬೇರೆ ಟೀಚರ್?”

ಉತ್ತರ ಇಲ್ಲದ ದೊಡ್ಡವರು ಮಾಡುವುದನ್ನೇ ನಳಿನಾಕ್ಷಿಯೂ ಮಾಡಿದಳು. ತಾಳ ತೆಗೆದುಕೊಳ್ಳಿ, ಹೊತ್ತಾಯಿತು ಎಂದು ಗದರಿದಳು. ಮಕ್ಕಳು ಎದ್ದು ಸುತ್ತು ಕಟ್ಟಿದರು. ಆದರೆ ಧೃತಿಯ ಹಿಂದೆ, ವಿಜೇತಾ ನಿಲ್ಲುತ್ತಿದ್ದ ಜಾಗವನ್ನು ಖಾಲಿ ಬಿಟ್ಟೇ ನಿಂತರು. ಒತ್ತಿ ನಿಲ್ಲಿ ಎಂದು ಎರಡು ಸಲ ಹೇಳಿದಳು. ಒತ್ತಿದ ಹಾಗೆ ಮಾಡಿ ಮತ್ತೆ ಅಷ್ಟೇ ಜಾಗ ಬಿಟ್ಟರು. ಇಡೀ ಸಂಜೆ ಆ ಖಾಲಿ ಜಾಗವೂ ದೀಪಕ್ಕೆ ಸುತ್ತು ಬಂತು. ಮೊಮ್ಮಗಳೇ ಇದರ ಹಿಂದೆ ಇದ್ದಾಳೆಂದು ನಳಿನಾಕ್ಷಿಗೆ ಗೊತ್ತಾಯಿತು.

ಮರುದಿನ ಭಾನುವಾರ. ಬೆಳಿಗ್ಗೆ ಏಳರ ಹೊತ್ತಿಗೆ ಕಡಲ ಬದಿಯಲ್ಲಿ ಕೂಗು ಕೇಳಿತು. ಮಳೆಗಾಲ ಮುಗಿದ ಮೇಲಿನ ಮೊದಲ ಕೈರಂಪಣಿ, ಕೈಯಿಂದ ಎಳೆಯುವ ದೊಡ್ಡ ಬಲೆ. ದೋಣಿ ಬಲೆಯನ್ನು ಕಡಲಿನಲ್ಲಿ ಅರ್ಧ ಸುತ್ತಿಗೆ ಬಿಟ್ಟು ಬರುತ್ತದೆ, ಬಲೆಯ ಎರಡು ತುದಿಯ ಹಗ್ಗ ದಡದಲ್ಲಿರುತ್ತದೆ. ಆಮೇಲೆ ಊರಿಗೆ ಊರೇ ಸೇರಿ ಆ ಎರಡು ಹಗ್ಗಗಳನ್ನು ಎಳೆಯಬೇಕು. ಈ ದಡದಲ್ಲಿ ಒಂದು ಪದ್ಧತಿ ಉಂಟು. ಬಲೆಯ ಒಡೆಯರು, ದೋಣಿಯವರು ತಮ್ಮ ಪಾಲು ತೆಗೆದುಕೊಳ್ಳುತ್ತಾರೆ, ಅದು ಸರಿ. ಆದರೆ ಹಗ್ಗಕ್ಕೆ ಕೈ ಹಾಕಿದವರು ಯಾರೇ ಆಗಲಿ ಬರಿಗೈಯಲ್ಲಿ ಹೋಗಬಾರದು. ಮೊದಲಿಂದ ಎಳೆದವರಿಗೂ ಮೀನು, ಕಡೆಗೆ ಬಂದು ನಾಲ್ಕು ಮಾರು ಎಳೆದವರಿಗೂ ಮೀನು. ಕಡಲು ನೋಡಲು ಬಂದ ಊರಿಲ್ಲದ ಊರಿನವರು ಮೋಜಿಗೆ ಹಗ್ಗ ಹಿಡಿದರೂ ಒಂದು ಹಿಡಿ ಮೀನು ಅವರ ಕೈಗೆ ಬೀಳುತ್ತದೆ. ಹಂಚುವವನು ಭುಜಂಗ, ಎಪ್ಪತ್ತರ ಮುದುಕ, ತಂಡೇಲ. ಬಲೆ ಯಾವಾಗ ಬಿಡಬೇಕು, ಯಾವಾಗ ಎಳೆಯಬೇಕು ಎನ್ನುವುದೂ ಅವನದ್ದೇ ಮಾತು.

ನಳಿನಾಕ್ಷಿ ಮೀನು ಕೊಳ್ಳಲು ಬುಟ್ಟಿಯೊಂದಿಗೆ ಬಂದು ನಿಂತಿದ್ದಳು. ಅವಳ ತಂಡದ ಮಕ್ಕಳೆಲ್ಲ ತೆಂಕಣ ಹಗ್ಗದ ಕೊನೆಯಲ್ಲಿ ಸಾಲಾಗಿ ಹಗ್ಗ ಹಿಡಿದಿದ್ದರು. ಎಳೆಯುವುದಕ್ಕಿಂತ ಹೆಚ್ಚು ಜೋತಾಡುತ್ತಿದ್ದರು, ಆದರೂ ಒಂದು ಚೆಂದ. ದಡಕ್ಕೆ ಹಾಕಿದ ಕಲ್ಲುಗಳ ಮೇಲೆ, ಎಲ್ಲರಿಂದ ದೂರ, ವಿಜೇತಾ ಕೂತಿದ್ದಳು. ಕಳೆದ ವರ್ಷದ ಹಗ್ಗದಲ್ಲಿ ಮೊದಲು ನಿಂತವಳು ಈ ವರ್ಷ ಕೆಳಗಿಳಿದೇ ಇರಲಿಲ್ಲ.

ಧೃತಿ ಹಗ್ಗ ಬಿಟ್ಟು ಕಲ್ಲುಗಳ ಕಡೆಗೆ ನಡೆದಳು. ಏನು ಹೇಳಿದಳೋ ನಳಿನಾಕ್ಷಿಗೆ ಕೇಳಲಿಲ್ಲ. ವಿಜೇತಾ ತಲೆ ಅಲ್ಲಾಡಿಸಿದಳು. ಧೃತಿ ಮತ್ತೇನೋ ಹೇಳಿ, ಬಂದು ತನ್ನ ಜಾಗದಲ್ಲಿ ನಿಂತಳು. ನಿಂತವಳು ತನ್ನ ಮುಂದೆ ಒಂದು ಮಾರು ಹಗ್ಗ ಖಾಲಿ ಬಿಟ್ಟಳು. ಸ್ವಲ್ಪ ಹೊತ್ತಿಗೆ ವಿಜೇತಾ ಕಲ್ಲಿನಿಂದ ಇಳಿದಳು, ಯಾರ ಮುಖವನ್ನೂ ನೋಡದೆ ಬಂದು ಆ ಖಾಲಿ ಹಗ್ಗಕ್ಕೆ ಕೈ ಹಾಕಿದಳು. ಆಗ ಬಲೆ ಹೆಚ್ಚುಕಡಿಮೆ ದಡಕ್ಕೆ ಬಂದಾಗಿತ್ತು. ಅವಳು ಎಳೆದದ್ದು ಹತ್ತು ಮಾರೂ ಇರಲಿಕ್ಕಿಲ್ಲ.

ಬೂತಾಯಿ ಮೀನು ಚೆನ್ನಾಗಿ ಬಿದ್ದಿತ್ತು. ಭುಜಂಗ ಬುಟ್ಟಿ ಹಿಡಿದು ಸಾಲಿನಲ್ಲಿ ಬಂದ. ಧೃತಿಯ ಲಂಗಕ್ಕೆ ಎರಡು ಹಿಡಿ, ಲಕ್ಷಿತನ ಟೋಪಿಗೆ ಎರಡು ಹಿಡಿ, ವಿಜೇತಾಳ ಕೈಗೆ ಎರಡು ಹಿಡಿ. ಮುದುಕ ಅವಳ ಮುಖ ನೋಡಿದ್ದೂ ಇಲ್ಲ, ಕೈ ಮಾತ್ರ ನೋಡಿದ. ಟೆಂಪೋದ ಸಂಗತಿ ಊರಿಗೆಲ್ಲ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಧೃತಿ ಮೀನಿನ ಲಂಗ ಎತ್ತಿ ಹಿಡಿದು ಅಜ್ಜಿಯ ಪಕ್ಕದಲ್ಲಿ ನಡೆದಳು.

“ಅಜ್ಜಿ, ಒಂದು ಕೇಳುವುದಾ?”

“ಕೇಳು.”

“ದೇವರು ಭುಜಂಗಜ್ಜನಿಗಿಂತ ಕಡಿಮೆಯಾ?”

ನಳಿನಾಕ್ಷಿ ದಾರಿಯಲ್ಲೇ ನಿಂತಳು.

“ಅಲ್ಲ, ಅಜ್ಜ ಹಗ್ಗ ಹಿಡಿದವರಿಗೆಲ್ಲ ಕೊಡ್ತಾರೆ. ನೀನು ಮೊನ್ನೆ ಎಂತ ಮಾಡಿದ್ದು ಅಂತ ಕೇಳುವುದಿಲ್ಲ. ದೇವರು ಮಾತ್ರ ಕೇಳ್ತಾನಾ ಅಂತ.”

“ನಿನ್ನ ತಾಳ ಕದ್ದವಳಲ್ವಾ ಅವಳು? ನಿನಗೆ ಸಿಟ್ಟು ಇಲ್ವಾ?”

“ಸಿಟ್ಟು ಉಂಟು,” ಎಂದಳು ಧೃತಿ. “ತುಂಬಾ ಉಂಟು. ಆದ್ರೂ ಅವಳು ಇಲ್ಲದಿದ್ರೆ ಸರಿ ಆಗುವುದಿಲ್ಲ ಅಜ್ಜಿ. ಮತ್ತೆ, ಮುಂದಿನ ಜಾಗ ಅವಳದ್ದೇ ಆಗಬೇಕಿತ್ತು. ಎಲ್ಲರಿಗೂ ಗೊತ್ತುಂಟು. ನಿಮಗೂ.”

ಹನ್ನೊಂದು ವರ್ಷದ ಹುಡುಗಿಯ ಬಾಯಿಂದ ಅಷ್ಟು ಕೇಳಿದ ಮೇಲೆ ಯಾವ ಟೀಚರಿಗೆ ಮುಖ ಉಳಿಯುತ್ತದೆ? ನಳಿನಾಕ್ಷಿಗೆ ಮೊದಲು ಬಂದದ್ದು ಸಿಟ್ಟೇ. ಎರಡು ಹೆಜ್ಜೆ ಹೋಗುವುದರೊಳಗೆ ಅದು ನಾಚಿಕೆ ಆಯಿತು. ತಾನು ಮಾಡಿದ ಒಂದು ಸಣ್ಣ ಅನ್ಯಾಯದಿಂದ ವಿಜೇತಾ ಎಂಬ ಮಗು ಒಂದು ದೊಡ್ಡ ತಪ್ಪು ಮಾಡಿತ್ತು. ಶಿಕ್ಷೆ ಆದದ್ದು ಮಗುವಿಗೆ ಮಾತ್ರ. ಮನೆ ಮುಟ್ಟುವ ಹೊತ್ತಿಗೆ ನಾಚಿಕೆಯ ಅಡಿಯಲ್ಲಿ ಇನ್ನೊಂದು ಕೂಡ ಇದೆ ಎಂದು ಅವಳಿಗೆ ತಿಳಿಯಿತು. ಈ ಹುಡುಗಿ ನನ್ನ ಮೊಮ್ಮಗಳು ಎಂಬ ಹೆಮ್ಮೆ ಅದು. ಅದನ್ನು ತೋರಿಸಿಕೊಳ್ಳುವ ಹೊತ್ತು ಅದಾಗಿರಲಿಲ್ಲ.

ಆ ದಿನ ಅವಳು ಕಟಪಾಡಿಗೆ ಹೋಗಲಿಲ್ಲ. ಕೈಕಾಲು ತೊಳೆದು, ಸೀರೆ ಬದಲಿಸಿ, ಬಲೆ ಇಡುವ ಶೆಡ್ಡಿನ ಹಿಂದಿರುವ ಕುಶಲಾಳ ಮನೆಗೆ ಹೋದಳು. ಬಾಗಿಲಲ್ಲಿ ಅವಳನ್ನು ಕಂಡ ಕುಶಲಾ ಗಾಬರಿಯಾದಳು. ಗಂಡ ಬೋಟಿಗೆ ಹೋಗಿ ಎಂಟು ದಿನ, ಮಗಳ ಸಂಗತಿ ಅವನಿಗೆ ಇನ್ನೂ ಹೇಳಿರಲಿಲ್ಲ.

“ನಳಿನಕ್ಕ, ಅವಳಿಗೆ ನಾನು ಹೊಡೆದು ಬುದ್ಧಿ ಹೇಳಿದ್ದೇನೆ. ಇನ್ನು ನೀವು ಬೈಯುವುದು ಬೇಡ.”

“ಬೈಯಲಿಕ್ಕೆ ಬಂದದ್ದಲ್ಲ ಕುಶಲಾ. ಅವಳನ್ನು ಕರಿ.”

ವಿಜೇತಾ ಅಡುಗೆಮನೆಯ ಬಾಗಿಲಿಗೆ ಆತು ನಿಂತಳು. ಮೀನು ಕೊಯ್ಯುತ್ತಿದ್ದವಳು, ಕೈಗೆಲ್ಲ ಪೊರೆ ಅಂಟಿತ್ತು. ನಳಿನಾಕ್ಷಿ ಜೀವನದಲ್ಲಿ ದೊಡ್ಡವರ ಹತ್ತಿರವೂ ಹೆಚ್ಚು ಸಲ ಕ್ಷಮೆ ಕೇಳಿದವಳಲ್ಲ. ಮಕ್ಕಳ ಹತ್ತಿರ ಕೇಳುವುದು ಹೇಗೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ನೇರವಾಗಿ ಹೇಳಿದಳು.

“ನಾನು ಟೆಂಪೋದಲ್ಲಿ ಹೇಳಿದ್ದು ತಪ್ಪು. ಮಂದಿರ ನನ್ನ ಅಪ್ಪನದ್ದಲ್ಲ, ಯಾರನ್ನೂ ಹೊರಗೆ ಹಾಕಲಿಕ್ಕೆ ನನಗೆ ಹಕ್ಕಿಲ್ಲ. ಮುಂದಿನ ಜಾಗ ನಿನಗೆ ಸಲ್ಲಬೇಕಿತ್ತು, ನಾನು ಮೊಮ್ಮಗಳಿಗೆ ಕೊಟ್ಟೆ. ಅದೂ ತಪ್ಪು. ಶನಿವಾರ ಬಾ.”

“ಟೀಚರ್, ನಾನು ಇನ್ನೂ ಸಾರಿ ಹೇಳಿಲ್ಲ.”

“ನನಗೆ ಗೊತ್ತುಂಟು.”

“ಧೃತಿಗೂ ಹೇಳಿಲ್ಲ. ಅವಳು ಹಗ್ಗ ಹಿಡಿಯಲಿಕ್ಕೆ ಕರೆಯುವಾಗಲೂ ಹೇಳಿಲ್ಲ.”

“ಹೇಳುವ ಮನಸ್ಸು ಬಂದಾಗ ಹೇಳು. ನೀನು ಹೇಳಿದ ಮೇಲೆ ಕರೆಯುವುದಾದರೆ ನಾನು ಇಷ್ಟು ವರ್ಷ ಕಲಿಸಿದ್ದೆಲ್ಲ ಸುಳ್ಳಾಗ್ತದೆ.”

ಆಗ ವಿಜೇತಾ ಅತ್ತಳು. ಟೆಂಪೋದಲ್ಲಿ ಅಳದೆ ಇಟ್ಟುಕೊಂಡದ್ದು, ವಾರವಿಡೀ ಶಾಲೆಯಲ್ಲಿ ಒಬ್ಬಳೇ ಬುತ್ತಿ ಉಂಡದ್ದು, ಎಲ್ಲ ಒಟ್ಟಿಗೆ ಹೊರಗೆ ಬಂತು. ಪೊರೆ ಅಂಟಿದ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ನಳಿನಾಕ್ಷಿ ಒಳ್ಳೆಯ ಸೀರೆಯನ್ನು ಲೆಕ್ಕಿಸದೆ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೀನಿನ ವಾಸನೆ ಇಬ್ಬರಿಗೂ ಹೊಸತಲ್ಲ.

ಉದ್ಯಾವರದ ಮಾನಸಳಿಗೆ ಬರುವುದು ಬೇಡವೆಂದು ಹೇಳಿ ಕಳಿಸಿದ್ದಾಯಿತು, ಶನಿವಾರ ವಿಜೇತಾ ಬಂದಳು. ಮಕ್ಕಳು ಅವಳನ್ನು ಹೊತ್ತು ಮೆರೆಸಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟರು, ಲಕ್ಷಿತ್ ತನ್ನ ತಾಳವನ್ನು ಚೀಲದೊಳಗೆ ಹಾಕಿ ಚೀಲದ ಮೇಲೆ ಕೂತ. ಅದನ್ನು ನೋಡಿ ಮೊದಲು ನಕ್ಕವಳು ವಿಜೇತಾಳೇ. ಆಮೇಲೆ ಎಲ್ಲರೂ ನಕ್ಕರು. ಅಭ್ಯಾಸ ಮುಗಿದ ಮೇಲೆ ಅವಳು ಧೃತಿಯನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಹೇಳಬೇಕಾದ್ದನ್ನು ಹೇಳಿದಳು. ಮುಂದಿನ ಜಾಗ ವಿಜೇತಾಳಿಗೆ, ಅವಳ ಹಿಂದೆ ಧೃತಿ ಎಂದು ನಳಿನಾಕ್ಷಿ ಹೇಳಿದಾಗ ಧೃತಿಯ ಮುಖ ಒಂದು ಗಳಿಗೆ ಸಣ್ಣದಾಯಿತು. ತಾನೇ ಕೇಳಿಕೊಂಡದ್ದಾದರೂ ಜಾಗ ಬಿಡುವಾಗ ನೋವಾಗುತ್ತದೆ. ಆದರೂ ಬಿಟ್ಟಳು.

ನವೆಂಬರಿನ ಎರಡನೆಯ ಭಾನುವಾರ ಕಾರ್ಕಳದ ಸ್ಪರ್ಧೆ. ದೊಡ್ಡ ಸಭಾಭವನ, ಇಪ್ಪತ್ತೆರಡು ತಂಡ, ಮೂವರು ತೀರ್ಪುಗಾರರು. ಕಾಪುವಿನಿಂದ ಮಕ್ಕಳ ಮನೆಯವರೆಲ್ಲ ಬಂದಿದ್ದರು. ಮಧ್ಯಾಹ್ನ ಮೂರೂವರೆಗೆ ಇವರ ಸರದಿ. ಮಕ್ಕಳು ವೇದಿಕೆ ಹತ್ತುವಾಗ ನಳಿನಾಕ್ಷಿಯ ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು, “ಮುಂದೆ ನಿಂತದ್ದು ತಾಳ ಕದ್ದ ಹುಡುಗಿ ಅಲ್ವಾ,” ಎಂದಳು. ಮೆಲ್ಲಗೆ ಹೇಳಬೇಕೆಂದು ಜೋರಾಗಿ ಹೇಳುವವರು ಕೆಲವರಿರುತ್ತಾರೆ. ವೇದಿಕೆಯ ಮೇಲೆ ವಿಜೇತಾಳ ಕತ್ತು ಆ ಕಡೆಗೆ ತಿರುಗಿತು. ಅವಳ ಮುಖದ ಬಣ್ಣ ಹೋದದ್ದು ನಳಿನಾಕ್ಷಿಗೆ ಕೆಳಗಿನಿಂದಲೇ ಕಾಣಿಸಿತು.

ಹಾಡು ಶುರುವಾಯಿತು. ಮೊದಲ ಚರಣ ಬೆಣ್ಣೆಯ ಹಾಗೆ ಹೋಯಿತು. ಎರಡನೆಯದಕ್ಕೆ ಸಭೆಯಲ್ಲಿ ಮಾತು ನಿಂತಿತು, ತೀರ್ಪುಗಾರರಲ್ಲಿ ಒಬ್ಬರು ಪೆನ್ನು ಕೆಳಗಿಟ್ಟು ನೋಡತೊಡಗಿದರು. ಈ ಸಲ ಬಹುಮಾನ ಬಿಟ್ಟುಹೋಗುವುದಿಲ್ಲ ಎಂದು ನಳಿನಾಕ್ಷಿಯ ಒಳಗೆ ಒಂದು ಕುಣಿತ ಆಗಲೇ ಶುರುವಾಗಿತ್ತು. ಮೂರನೆಯ ಚರಣದಲ್ಲಿ ಮಕ್ಕಳೆಲ್ಲ ಒಳಗೆ ಬಂದು, ದೀಪಕ್ಕೆ ಬಗ್ಗಿ ತಾಳ ಹಾಕಿ, ಹಿಂದೆ ಸರಿದು, ಮತ್ತೆ ಸುತ್ತು ಹೊರಡಬೇಕು. ದೀಪ ಬಲಗೈಯ ಕಡೆ ಇರಬೇಕು. ಪ್ರದಕ್ಷಿಣೆಯ ದಿಕ್ಕು ಅದು, ನಡೆಯಲು ಕಲಿತ ಮಗುವಿಗೂ ಗೊತ್ತಿರುವುದು. ವಿಜೇತಾ ಹಿಂದೆ ಸರಿದವಳು ಉಲ್ಟಾ ತಿರುಗಿದಳು.

ತಿರುಗಿದ ಕೂಡಲೇ ಅವಳು ಧೃತಿಗೆ ಮುಖಕ್ಕೆ ಮುಖ ನಿಂತಳು. ಇಬ್ಬರ ನಡುವೆ ಒಂದು ಗೇಣು ಜಾಗ. ತಪ್ಪಾಯಿತೆಂದು ವಿಜೇತಾಳಿಗೆ ಆ ಕ್ಷಣವೇ ಗೊತ್ತಾಯಿತು. ಅವಳ ಕಾಲು ಅಲ್ಲೇ ಕಟ್ಟಿತು, ತಾಳ ಹಿಡಿದ ಕೈ ಎದೆಯ ಹತ್ತಿರ ನಿಂತಿತು. ಇಡೀ ಸಭಾಭವನದಲ್ಲಿ ತಪ್ಪು ದಿಕ್ಕಿಗೆ ನಿಂತವಳು ಅವಳೊಬ್ಬಳೇ.

ದೇವರೇ, ಆ ಮಗುವನ್ನು ಮತ್ತೊಮ್ಮೆ ಎಲ್ಲರ ಎದುರು ಒಬ್ಬಳೇ ನಿಲ್ಲಿಸಬೇಡ ಎಂದಳು ನಳಿನಾಕ್ಷಿ ಮನಸ್ಸಿನಲ್ಲಿ. ಬಹುಮಾನದ ನೆನಪು ಆಗ ಅವಳಿಗೆ ಇರಲಿಲ್ಲ. ಆಮೇಲೆ ಎಷ್ಟೋ ದಿನ ಅದನ್ನು ನೆನೆದು ಅವಳಿಗೇ ಆಶ್ಚರ್ಯವಾಗುತ್ತಿತ್ತು.

ಧೃತಿ ಒಂದು ತಾಳವನ್ನೂ ತಪ್ಪಿಸಲಿಲ್ಲ. ನಿಂತಲ್ಲೇ ತಿರುಗಿ, ವಿಜೇತಾಳಿಗೆ ಬೆನ್ನು ಹಾಕಿ, ಉಲ್ಟಾ ದಿಕ್ಕಿಗೆ ಹೆಜ್ಜೆ ಇಟ್ಟಳು. ಅವಳ ಹಿಂದಿದ್ದ ಲಕ್ಷಿತ್ ಕಣ್ಣರಳಿಸಿ ಒಂದು ಸಲ ನೋಡಿದ, ಅವನೂ ತಿರುಗಿದ. ಅವನ ಹಿಂದಿನವಳು ತಿರುಗಿದಳು, ಅವಳ ಹಿಂದಿನವನು ತಿರುಗಿದ. ನಾಲ್ಕು ತಾಳ ಮುಗಿಯುವುದರೊಳಗೆ ಹನ್ನೊಂದು ಮಕ್ಕಳೂ ತಿರುಗಿ ಆಗಿತ್ತು. ಕಟ್ಟಿದ್ದ ಕಾಲು ಬಿಟ್ಟು ವಿಜೇತಾ ಹೆಜ್ಜೆ ಎತ್ತಿದಳು. ದೀಪವನ್ನು ಎಡಗೈಯ ಕಡೆ ಇಟ್ಟುಕೊಂಡು ಹನ್ನೆರಡು ಮಕ್ಕಳು ಗಟ್ಟಿಯಾಗಿ ಹಾಡುತ್ತ, ಎದೆ ಎತ್ತಿ, ಪೂರ್ತಿ ಒಂದು ಸುತ್ತು ಬಂದರು. ಸಭೆಯಲ್ಲಿ ಹಿರಿಯರು ಗುಸುಗುಸು ಎಂದರು. ಸುತ್ತು ಮುಗಿದು ಮಕ್ಕಳು ಮತ್ತೆ ದೀಪಕ್ಕೆ ಬಗ್ಗಿದರು, ಎದ್ದು ಸರಿಯಾದ ದಿಕ್ಕು ಹಿಡಿದರು, ಹಾಡು ಮುಗಿಸಿದರು. ಕಾಲೊಂದೂ ತಪ್ಪಲಿಲ್ಲ.

ವೇದಿಕೆಯ ಹಿಂದೆ ನಳಿನಾಕ್ಷಿ ಓಡಿ ಹೋದಾಗ ಮಕ್ಕಳು ನೀರು ಕುಡಿಯುತ್ತಿದ್ದರು. ಬೈಗುಳ ಬರುತ್ತದೆಂದು ಎಲ್ಲರೂ ಕಾದಿದ್ದರು.

“ಯಾಕೆ ತಿರುಗಿದ್ದು?” ಎಂದು ಕೇಳಿದಳು ಧೃತಿಯನ್ನು.

“ಅವಳು ಒಬ್ಬಳೇ ಹೋದ್ರೆ ಅವಳದ್ದು ತಪ್ಪು ಅಂತ ಕಾಣ್ತದೆ ಅಜ್ಜಿ. ಎಲ್ಲರೂ ಹೋದ್ರೆ ಅದು ಹೆಜ್ಜೆ ಅಂತ ಕಾಣ್ತದೆ.”

“ದೀಪಕ್ಕೆ ಅಪ್ರದಕ್ಷಿಣೆ ಬರಬಾರದು ಅಂತ ಗೊತ್ತಿಲ್ವಾ ನಿನಗೆ?”

ಧೃತಿ ಬಾಟಲಿಯ ಮುಚ್ಚಳ ಹಾಕಿದಳು. “ಗೊತ್ತುಂಟು. ಆದ್ರೆ ದೀಪಕ್ಕೆ ಬೆನ್ನು ಉಂಟಾ ಅಜ್ಜಿ? ಯಾವ ಕಡೆಯಿಂದ ಬಂದ್ರೂ ಅದು ನಮ್ಮನ್ನೇ ನೋಡ್ತದಲ್ವಾ?”

ಒಂಬತ್ತು ವರ್ಷ ಪ್ರತಿ ಶನಿವಾರ ಹತ್ತು ನಿಮಿಷದಂತೆ ನಳಿನಾಕ್ಷಿ ಹೇಳಿದ್ದೆಲ್ಲವನ್ನು ಒಟ್ಟುಮಾಡಿದರೂ ಈ ಒಂದು ಮಾತಿನ ಹತ್ತಿರ ಬರುತ್ತಿರಲಿಲ್ಲ. ಅವಳಿಗೆ ಅದಕ್ಕೆ ಬೇಸರವಾಗಲಿಲ್ಲ. ಕಣ್ಣು ತುಂಬಿ ಬಂತು, ಎದೆ ಸೀರೆಯೊಳಗೆ ಹಿಡಿಯದಷ್ಟು ದೊಡ್ಡದಾಯಿತು.

ಸಂಜೆ ಬಹುಮಾನ ಹೇಳುವ ಮೊದಲು ತೀರ್ಪುಗಾರರಲ್ಲಿ ಹಿರಿಯರೊಬ್ಬರು ಮೈಕ್ ಹಿಡಿದು ಒಂದೊಂದೇ ತಂಡದ ಒಳ್ಳೆಯದು ಕೆಟ್ಟದ್ದು ಹೇಳಿದರು. ಸಜ್ಜನರು, ಮಾತಿನಲ್ಲಿ ಮುಳ್ಳಿರಲಿಲ್ಲ.

“ಕಾಪುವಿನಿಂದ ಬಂದ ಮಕ್ಕಳ ತಂಡ. ಹಾಡು ಚೆಂದ, ತಾಳ ಚೆಂದ. ಮೊದಲ ಬಹುಮಾನಕ್ಕೆ ಹತ್ತಿರ ಇದ್ದರು. ಆದರೆ ಮೂರನೆಯ ಚರಣದಲ್ಲಿ ದೀಪಕ್ಕೆ ಅಪ್ರದಕ್ಷಿಣೆ ಬಂದಿದ್ದಾರೆ. ಒಂದು ಮಗು ತಪ್ಪಿದರೆ ಮಗು ತಪ್ಪಿತು ಎನ್ನಬಹುದು. ಹನ್ನೆರಡೂ ಮಕ್ಕಳು ತಪ್ಪಿದರೆ ಕಲಿಸಿದವರೇ ತಪ್ಪು ಕಲಿಸಿದ್ದಾರೆ ಎಂದಾಗುತ್ತದೆ. ಇವರಿಗೆ ಕಲಿಸಿದವರು ಸಭೆಯಲ್ಲಿದ್ದರೆ ದಯವಿಟ್ಟು ಎದ್ದು ನಿಲ್ಲಿ.”

ಸಭೆಯ ತಲೆಗಳೆಲ್ಲ ತಿರುಗಿದವು. ನಳಿನಾಕ್ಷಿಯ ಎದುರಿನ ಸಾಲಿನಲ್ಲಿ ಮಕ್ಕಳು ಕೂತಿದ್ದರು. ವಿಜೇತಾ ಕುರ್ಚಿಯ ಕೈ ಹಿಡಿದು ಏಳಲು ಹೊರಟಳು, ನಾನು ತಪ್ಪಿದ್ದು ಎಂದು ಹೇಳಲು ಬಾಯಿ ತೆರೆದಿದ್ದಳು. ನಳಿನಾಕ್ಷಿ ಹಿಂದಿನಿಂದ ಅವಳ ಹೆಗಲ ಮೇಲೆ ಕೈ ಇಟ್ಟು, ಒತ್ತಿ ಕೂರಿಸಿ, ಅದೇ ಹೆಗಲಿನ ಆಸರೆಯಲ್ಲಿ ತಾನು ಎದ್ದಳು.

“ನಾನು, ಸಾರ್,” ಎಂದಳು. ಮೀನಿನ ಪೇಟೆಯಲ್ಲಿ ಮೂವತ್ತು ವರ್ಷ ಕೂಗಿದ ಗಂಟಲು, ಅದಕ್ಕೆ ಮೈಕ್ ಬೇಕಾಗಿರಲಿಲ್ಲ. “ಹನ್ನೆರಡೂ ಮಕ್ಕಳಿಗೆ ನಾನೇ ಕಲಿಸಿದ್ದು.”

ಹಿರಿಯರು ತಲೆಯಾಡಿಸಿದರು. ಮುಂದಿನ ಸಲ ತಿದ್ದಿಕೊಳ್ಳಿ, ಇನ್ನು ಕೂತುಕೊಳ್ಳಿ ಅಮ್ಮ ಎಂದರು. ನಳಿನಾಕ್ಷಿ ನಿಂತೇ ಇದ್ದಳು. ಕೂತುಕೊಳ್ಳಿ ಎಂದು ಅವರು ಇನ್ನೊಮ್ಮೆ ಹೇಳಬೇಕಾಯಿತು.